ಎಲುಬು ಕೂಡಿತು, ಬ್ರೇಕಿನ ಮೇಲಿನ ಬೆರಳು ಬಿಡಲಿಲ್ಲ

ಆ ವರ್ಷದ ಸ್ಪರ್ಧೆಗಳ ಪಟ್ಟಿ ಕೈಗೆ ಬಂದಾಗ ನನ್ನ ಹೆಸರಿನ ಎದುರು 68 ದಿನಗಳ ರೇಸುಗಳಿದ್ದವು. ವೃತ್ತಿಪರ ರಸ್ತೆ ಸೈಕ್ಲಿಂಗಿನಲ್ಲಿ ಇದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ನಾನು ತಂಡದ ನಾಯಕನಲ್ಲ. ನಾಯಕನಿಗೆ ಗಾಳಿ ತಾಗದಂತೆ ಅವನ ಮುಂದೆ ಸಾಗುವ, ತಂಡದ ಕಾರಿನಿಂದ ನೀರಿನ ಬಾಟಲಿ ತಂದುಕೊಡುವ, ಬೆಟ್ಟದ ಬುಡ ಬರುವ ಹೊತ್ತಿಗೆ ಅವನನ್ನು ಗುಂಪಿನ ಮುಂಚೂಣಿಗೆ ತಲುಪಿಸುವ ಡೊಮೆಸ್ಟಿಕ್, ಅಂದರೆ ಸಹಾಯಕ ಸವಾರ. ಈ ಕೆಲಸದ ಮುಕ್ಕಾಲು ಪಾಲು ಗುಂಪಿನೊಳಗೆ ಜಾಗ ಹಿಡಿಯುವುದರಲ್ಲೇ ಕಳೆಯುತ್ತದೆ. ಬಿದ್ದ ಮೇಲೆ ನಾನು ಕಳೆದುಕೊಂಡಿದ್ದು ಅದನ್ನೇ ಎಂಬುದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು.

ಬಿದ್ದದ್ದು ಮಾರ್ಚ್ ಕೊನೆಯಲ್ಲಿ. ನನಗೆ ಗುರಿ ಇನ್ನೂ 41 ಕಿ.ಮೀ. ದೂರವಿತ್ತು. ಇಳಿಜಾರಿನ ಎಡ ತಿರುವಿನಲ್ಲಿ ಮುಂದಿದ್ದವನ ಚಕ್ರ ಒದ್ದೆಯಾದ ಬಿಳಿ ಗೆರೆಯ ಮೇಲೆ ಜಾರಿತು. ನಾನು ಬ್ರೇಕ್ ಹಿಡಿದೆನೋ ಇಲ್ಲವೋ ಇಂದಿಗೂ ನೆನಪಿಲ್ಲ. ಎಡ ಕೊರಳೆಲುಬು ಮೂರು ತುಂಡಾಗಿತ್ತು, ಸೊಂಟದ ಎಲುಬಿನಲ್ಲಿ ಬಿರುಕು ಬಿಟ್ಟಿತ್ತು. ಕೊರಳೆಲುಬಿಗೆ ಪ್ಲೇಟು, ಸ್ಕ್ರೂ ಹಾಕಿದರು. ಸೊಂಟಕ್ಕೆ ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ. ನಾಲ್ಕು ವಾರ ಎಡಗಾಲಿನ ಮೇಲೆ ಭಾರ ಹಾಕಬಾರದೆಂದು ಹೇಳಿ ಊರುಗೋಲು ಕೊಟ್ಟರು. ಕೊರಳೆಲುಬು ಮುರಿದವನು ಊರುಗೋಲು ಹಿಡಿಯುವುದು ಹೇಗೆ ಎಂದು ಕೇಳಿದ್ದಕ್ಕೆ ಯಾರ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ಮೊದಲ ಹತ್ತು ದಿನ ಹೆಚ್ಚುಕಡಿಮೆ ಹಾಸಿಗೆಯಲ್ಲೇ ಕಳೆದೆ.

ಮಲಗಿದವನಿಗೆ ಎಲ್ಲರೂ ಹೇಳುವುದು ಡೆನ್ಮಾರ್ಕಿನ ಸವಾರ ಯೋನಾಸ್ ವಿಂಗೆಗೋರ್ ಅವರ ಕಥೆಯನ್ನು. 2024ರ ಏಪ್ರಿಲ್‌ನಲ್ಲಿ ಸ್ಪೇನಿನ ಬಾಸ್ಕ್ ನಾಡಿನ ರೇಸಿನಲ್ಲಿ ಬಿದ್ದು ಕೊರಳೆಲುಬು, ಪಕ್ಕೆಲುಬುಗಳನ್ನು ಮುರಿದುಕೊಂಡು, ಶ್ವಾಸಕೋಶಕ್ಕೂ ಪೆಟ್ಟು ಮಾಡಿಕೊಂಡಿದ್ದ ಅವರು ಜುಲೈನಲ್ಲಿ ಟೂರ್ ದ ಫ್ರಾನ್ಸ್ ಮುಗಿಯುವಾಗ ಎರಡನೇ ಸ್ಥಾನದಲ್ಲಿದ್ದರು. ಇಂಥ ಸುದ್ದಿ ಧೈರ್ಯದ ಜೊತೆಗೆ ಅವಸರವನ್ನೂ ತುಂಬುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕೊಲಂಬಿಯಾದ ಸವಾರ ಎಗಾನ್ ಬೆರ್ನಾಲ್ ಅವರ ಉದಾಹರಣೆ. 2022ರ ಜನವರಿಯಲ್ಲಿ ಅಭ್ಯಾಸದ ವೇಳೆ ನಿಂತಿದ್ದ ಬಸ್ಸಿಗೆ ಡಿಕ್ಕಿ ಹೊಡೆದ ಅವರು ಅದೇ ಆಗಸ್ಟ್‌ನಲ್ಲಿ ರೇಸಿಗೆ ಮರಳಿದರು, ಆದರೆ ಮತ್ತೆ ಗೆದ್ದದ್ದು 2025ರ ಫೆಬ್ರವರಿಯಲ್ಲಿ, ತಮ್ಮ ದೇಶದ ಚಾಂಪಿಯನ್‌ಷಿಪ್‌ನಲ್ಲಿ. ಮರಳುವುದಕ್ಕೂ ಮೊದಲಿನಂತಾಗುವುದಕ್ಕೂ ನಡುವೆ ಎಷ್ಟು ದೂರವಿರಬಹುದು ಎಂಬುದನ್ನು ನಾನು ಆ ದಿನಾಂಕಗಳಿಂದ ಕಲಿತೆ.

ಆ ವಾರಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪು ಊಟದ್ದು. ಸವಾರಿ ಇಲ್ಲದಿದ್ದರೆ ತೂಕ ಏರುತ್ತದೆ, ತೂಕ ಏರಿದರೆ ಬೆಟ್ಟದಲ್ಲಿ ಹಿಂದೆ ಬೀಳುತ್ತೇನೆ ಎಂಬ ಭಯದಿಂದ ಅರ್ಧ ಊಟ ಬಿಟ್ಟೆ. ತಂಡದ ಆಹಾರತಜ್ಞೆ ಎಲುಬಿನ ಸಾಂದ್ರತೆಯ ಸ್ಕ್ಯಾನ್ ವರದಿಯನ್ನು ಮುಂದಿಟ್ಟು ಚೆನ್ನಾಗಿಯೇ ಬೈದರು. ಸೈಕಲ್ ಸವಾರಿಯಲ್ಲಿ ದೇಹದ ಭಾರವನ್ನು ಸೀಟು ಹೊರುವುದರಿಂದ, ಓಟಗಾರರಿಗೆ ಸಿಗುವ ನೆಲದ ಹೊಡೆತ ನಮ್ಮ ಎಲುಬುಗಳಿಗೆ ಸಿಗುವುದಿಲ್ಲ. ಅದರ ಮೇಲೆ ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ತರಬೇತಿ ಮಾಡಿದರೆ ಎಲುಬು ಇನ್ನಷ್ಟು ದುರ್ಬಲವಾಗುತ್ತದೆ. ನನ್ನ ಸೊಂಟದ ಎಲುಬಿನ ಸಾಂದ್ರತೆಯ ಅಂಕಿ ನನ್ನ ವಯಸ್ಸಿನವರಿಗೆ ಇರಬೇಕಾದುದಕ್ಕಿಂತ ಸ್ಪಷ್ಟವಾಗಿ ಕೆಳಗಿತ್ತು. ಅಂದಿನಿಂದ ಹೊಟ್ಟೆ ತುಂಬ ಉಂಡೆ. ನಡೆಯಲು ಬಂದ ಮೇಲೆ ವಾರಕ್ಕೆ ಎರಡು ದಿನ ಭಾರ ಎತ್ತುವುದನ್ನೂ, ಆಮೇಲೆ ಹಗ್ಗದಾಟವನ್ನೂ ಸೇರಿಸಿಕೊಂಡೆ, ಇಂದಿಗೂ ಬಿಟ್ಟಿಲ್ಲ.

ಆರನೇ ವಾರ ಟ್ರೈನರ್ ಮೇಲೆ, ಅಂದರೆ ನಿಂತಲ್ಲೇ ತುಳಿಯುವಂತೆ ಸಾಧನಕ್ಕೆ ಜೋಡಿಸಿದ ಸೈಕಲ್ ಮೇಲೆ, ಕುಳಿತೆ. ಮೊದಲ ದಿನ ಇಪ್ಪತ್ತು ನಿಮಿಷ, 110 ವ್ಯಾಟ್, ಎರಡೂ ಕೈ ಹ್ಯಾಂಡಲಿನ ಮೇಲ್ಭಾಗದಲ್ಲಿ. ತುಳಿತದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಪ್ರಕಾರ ಬಲಗಾಲು ಕೆಲಸದಲ್ಲಿ ಶೇ 56ರಷ್ಟನ್ನು ಮಾಡುತ್ತಿತ್ತು, ಎಡಗಾಲು ಅದರ ಬೆನ್ನಿಗೆ ಬಿದ್ದು ತಿರುಗುತ್ತಿತ್ತು. ಈ ಭಾಗದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕೋಚ್ ಕಳಿಸಿದ ಪಟ್ಟಿಯಂತೆ ದಿನವೂ ಮಾಡಿದರೆ ಅಂಕಿಗಳು ತಾವಾಗಿ ಏರುತ್ತವೆ, ಬೇಸರವೊಂದೇ ಅದರಲ್ಲಿನ ಕಷ್ಟ. ಒಂದು ಗಂಟೆ ಕಾಲ ತಡೆದುಕೊಳ್ಳಬಲ್ಲ ನನ್ನ ಶಕ್ತಿ ಬೀಳುವ ಮೊದಲು 372 ವ್ಯಾಟ್ ಇತ್ತು. ಎಂಟನೇ ವಾರ 318, ಹದಿನಾಲ್ಕನೇ ವಾರ 365. ವೈದ್ಯರು ಒಪ್ಪಿದರು, ಕೋಚ್ ಒಪ್ಪಿದರು, ನಾನೂ ಒಪ್ಪಿದೆ. ಜುಲೈನಲ್ಲಿ ಐದು ದಿನಗಳ ಒಂದು ರೇಸಿಗೆ ನನ್ನ ಹೆಸರು ಬರೆದರು.

ಮೂರನೇ ದಿನ ರೇಸು ಬಿಟ್ಟು ಇಳಿದೆ. ಕಾಲುಗಳು ಖಾಲಿಯಾಗಿದ್ದವು; ಏಕೆಂಬುದು ಯಾರಿಗೂ ಹೊಳೆಯಲಿಲ್ಲ. ಆ ಸಂಜೆ ಸೈಕಲ್ ತೊಳೆಯುತ್ತಿದ್ದ ಮೆಕ್ಯಾನಿಕ್ ನನ್ನನ್ನು ಕರೆದು ಅಂಗೈಯಲ್ಲಿ ಎರಡು ಜೊತೆ ಡಿಸ್ಕ್ ಬ್ರೇಕಿನ ಪ್ಯಾಡ್ ತೋರಿಸಿದರು. ಒಂದು ನನ್ನ ಕೋಣೆಯ ಜೊತೆಗಾರನದು, ಇನ್ನೂ ದಪ್ಪಗಿತ್ತು. ಇನ್ನೊಂದರಲ್ಲಿ ಲೋಹದ ತಗಡಿನ ಮೇಲೆ ಉಗುರಿನಷ್ಟು ತೆಳುವಾಗಿ ಪ್ಯಾಡ್ ಉಳಿದಿತ್ತು. "ಎರಡನ್ನೂ ಒಂದೇ ದಿನ ಹಾಕಿದ್ದು. ನಿನ್ನದು ಮಾತ್ರ ಯಾಕಪ್ಪಾ ಹೀಗೆ ಸವೆದಿದೆ?" ಎಂದರು.

ರಾತ್ರಿ ಕೋಚ್ ಜೊತೆ ಪವರ್ ಮೀಟರಿನ ದಾಖಲೆ ತೆರೆದು ನೋಡಿದಾಗ ಲೆಕ್ಕ ಸಿಕ್ಕಿತು. ಪ್ರತಿ ತಿರುವಿಗೂ ಮೊದಲು ನಾನು ಎಲ್ಲರಿಗಿಂತ ಬೇಗ ಬ್ರೇಕ್ ಹಿಡಿಯುತ್ತಿದ್ದೆ. ಮುಂದಿನವನ ಚಕ್ರಕ್ಕೂ ನನಗೂ ನಡುವೆ ಎರಡು ಮೀಟರ್ ಬಿಡುವು ಬೀಳುತ್ತಿತ್ತು, ಆ ಬಿಡುವಿಗೆ ಇನ್ನೊಬ್ಬ ನುಗ್ಗುತ್ತಿದ್ದ, ಅವನಿಗೆ ಹೆದರಿ ಮತ್ತೆ ಬ್ರೇಕ್. ಹೀಗೆ ಹತ್ತು ತಿರುವುಗಳಲ್ಲಿ ನಾನು ಗುಂಪಿನ ಬಾಲಕ್ಕೆ ಬಂದಿರುತ್ತಿದ್ದೆ. ಬಾಲದಲ್ಲಿರುವವನ ಪಾಡು ರಬ್ಬರಿನ ತುದಿಯ ಪಾಡು: ಮುಂದಿನವರು ತಿರುವು ಮುಗಿಸಿ ವೇಗ ಹೆಚ್ಚಿಸಿದಾಗ ಇವನು ಇನ್ನೂ ತಿರುವಿನಲ್ಲಿರುತ್ತಾನೆ, ಆಮೇಲೆ ಹಿಂದೆ ಬೀಳದಿರಲು ಎದ್ದು ನಿಂತು ತುಳಿಯಬೇಕು. ಆ ದಿನ ನಾನು 700 ವ್ಯಾಟ್ ದಾಟಿ ತುಳಿದದ್ದು 143 ಸಲ. ಅದೇ ರಸ್ತೆಯಲ್ಲಿ, ಗುಂಪಿನ ಮೊದಲ ಇಪ್ಪತ್ತರಲ್ಲಿ ಸಾಗಿದ್ದ ಜೊತೆಗಾರನ ದಾಖಲೆಯಲ್ಲಿ 51.

ಪರಿಹಾರ ಜಿಮ್ಮಿನಲ್ಲಿರಲಿಲ್ಲ. ಮುಂದಿನ ಐದು ವಾರ ಜೊತೆಗಾರನೊಬ್ಬನೊಂದಿಗೆ ಹುಲ್ಲಿನ ಮೈದಾನದಲ್ಲಿ ನಿಧಾನಕ್ಕೆ ಸಾಗುತ್ತ, ಭುಜಕ್ಕೆ ಭುಜ, ಮೊಣಕೈಗೆ ಮೊಣಕೈ ತಾಗಿಸುವ ಅಭ್ಯಾಸ ಮಾಡಿದೆ. ಪ್ಲೇಟು ಇರುವ ಭುಜವನ್ನು ಮೊದಲ ದಿನ ನಾನು ಕೊಡಲೇ ಇಲ್ಲ, ದೇಹ ತಾನಾಗಿ ಬಲಕ್ಕೆ ವಾಲುತ್ತಿತ್ತು. ಆಮೇಲೆ ವಾಹನಗಳಿಲ್ಲದ ಒಂದೇ ಇಳಿಜಾರಿನಲ್ಲಿ ದಿನಕ್ಕೆ ಎಂಟು ಸಲ ಅವನ ಬೆನ್ನಿಗೆ ಇಳಿದೆ. ಬ್ರೇಕ್ ಎಲ್ಲವನ್ನೂ ತಿರುವಿಗೆ ಮೊದಲೇ ಮುಗಿಸುವುದು, ಹೊರಗಿನ ಪೆಡಲನ್ನು ಕೆಳಗೆ ಒತ್ತಿ ಅದರ ಮೇಲೆ ಭಾರ ಹಾಕುವುದು, ಕಣ್ಣನ್ನು ಮುಂದಿನ ಚಕ್ರದಿಂದ ಕಿತ್ತು ತಿರುವಿನ ಕೊನೆಗೆ ನೆಡುವುದು. ಹದಿನಾರನೇ ವಯಸ್ಸಿನಲ್ಲಿ ಕಲಿತದ್ದನ್ನೇ ಮತ್ತೆ ಕಲಿತೆ. ಎಡ ತಿರುವು ಬಲ ತಿರುವಿಗಿಂತ ಎರಡು ವಾರ ತಡವಾಗಿ ಕೈಗೆ ಬಂತು.

ಸೆಪ್ಟೆಂಬರಿನಲ್ಲಿ ಮತ್ತೆ ರೇಸಿಗೆ ಹೋದೆ, ನಾಲ್ಕು ದಿನಗಳದ್ದು. ಆ ಹೊತ್ತಿಗೆ ನನ್ನ ಗಂಟೆಯ ಶಕ್ತಿ 366 ವ್ಯಾಟ್, ಅಂದರೆ ಜುಲೈಗಿಂತ ಒಂದೇ ಒಂದು ವ್ಯಾಟ್ ಹೆಚ್ಚು. ಈ ಸಲ ನಾಲ್ಕು ದಿನವೂ ಮುಗಿಸಿದೆ. ಕೊನೆಯ ದಿನ ಮಳೆಯಲ್ಲಿ ಇಳಿಜಾರಿನ ನಂತರ ನಾಯಕನನ್ನು ಬೆಟ್ಟದ ಬುಡಕ್ಕೆ ಹನ್ನೆರಡನೇ ಸ್ಥಾನದಲ್ಲಿ ತಲುಪಿಸಿದೆ. ಯೋಜನೆಯ 68 ದಿನಗಳಲ್ಲಿ ನಾನು ಓಡಿಸಿದ್ದು 27. ಅಕ್ಟೋಬರಿನ ಕೊನೆಯ ರೇಸಿನ ಸಂಜೆ ಮೆಕ್ಯಾನಿಕ್ ನನ್ನ ಚಕ್ರ ಬಿಚ್ಚಿ, ಪ್ಯಾಡುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಏನೂ ಹೇಳದೆ ಅವನ್ನೇ ಒರೆಸಿ ಮತ್ತೆ ಕೂರಿಸಿದರು.