ಹಿನ್ನೀರಿನ ದಂಡೆಯ ಮಣ್ಣಿನಲ್ಲೇ ಹಿನ್ನೀರನ್ನು ಬರೆದದ್ದು: ನನ್ನ ಅನುಭವ

ಭೂದೃಶ್ಯ ಚಿತ್ರದಲ್ಲಿ ಮನುಷ್ಯನ ಕೈವಾಡವನ್ನು ಕಾಣಿಸಲು ಮನುಷ್ಯಾಕೃತಿಯನ್ನು ಬರೆಯಲೇಬೇಕಾಗಿಲ್ಲ ಎಂಬುದು ನನಗೆ ಮನವರಿಕೆಯಾದದ್ದು ಶರಾವತಿ ಹಿನ್ನೀರಿನ ಜಲವರ್ಣ ಸರಣಿಯಲ್ಲಿ ತೊಡಗಿದಾಗ. ಸಾಗರದ ಕಡೆಯಿಂದ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಬಂದವರಿಗೆ ಎದುರಿನ ನೀರು, ನಡುಗಡ್ಡೆಗಳು, ಅವುಗಳಾಚೆಯ ಬೆಟ್ಟಸಾಲು ಎಲ್ಲವೂ ಅನಾದಿಯಿಂದ ಹೀಗೆಯೇ ಇದ್ದಂತೆ ತೋರುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಳ್ಳುವ ಮೊದಲು ಆ ನಡುಗಡ್ಡೆಗಳು ಗುಡ್ಡದ ನೆತ್ತಿಗಳಾಗಿದ್ದವು. ಅವುಗಳ ತಪ್ಪಲಲ್ಲಿ ಗದ್ದೆ, ಅಡಿಕೆ ತೋಟ, ಮನೆಗಳಿದ್ದವು. ಈಗಿನ ನೋಟವನ್ನು ಬರಿಯ ಚೆಲುವೆಂದು ಬರೆದರೆ ಆ ಸಂಗತಿ ಮುಚ್ಚಿಹೋಗುತ್ತದೆ, ಮುಳುಗಿದ ಊರನ್ನು ಊಹಿಸಿ ಬರೆದರೆ ಕಣ್ಣೆದುರಿನ ನೆಲವೇ ಮರೆಯಾಗುತ್ತದೆ. ಎರಡೂ ನನಗೆ ಬೇಡವಾಗಿದ್ದವು.

ಆದ್ದರಿಂದ ನೀರಿನ ಮಟ್ಟವನ್ನೇ ವಸ್ತುವಾಗಿ ಆರಿಸಿಕೊಂಡೆ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಕಳೆದು ವಿದ್ಯುತ್ ಉತ್ಪಾದನೆಗೆ ನೀರು ಹರಿಸಿದಂತೆಲ್ಲ ಮಟ್ಟ ಇಳಿಯುತ್ತದೆ, ಇಳಿಯುವಾಗ ಅಲ್ಲಲ್ಲಿ ನಿಂತ ನೀರು ಕೆಂಪು ದಂಡೆಯನ್ನು ಕೊರೆದು ಒಂದರ ಕೆಳಗೊಂದು ಅಡ್ಡಗೆರೆ ಉಳಿಸುತ್ತದೆ. ಮೇಲಿನ ಕಾಡಿಗೂ ಕೆಳಗಿನ ನೀರಿಗೂ ನಡುವೆ ತೆರೆದುಕೊಳ್ಳುವ ಈ ಬೋಳು ಪಟ್ಟಿಯನ್ನು ಪ್ರವಾಸಿಗರ ಫೋಟೋಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ನನ್ನ ಮಟ್ಟಿಗೆ ಇಡೀ ದೃಶ್ಯದಲ್ಲಿ ಸುಳ್ಳು ಹೇಳದ ಭಾಗ ಅದೊಂದೇ. ಎಲ್ಲೋ ದೂರದ ಊರುಗಳಲ್ಲಿ ದೀಪ ಉರಿದ ಲೆಕ್ಕ ಅಲ್ಲಿ ನೆಲದ ಮೇಲೆ ಬಿದ್ದಿರುತ್ತದೆ. ಹೀಗಾಗಿ ದಿಗಂತವನ್ನು ಕಾಗದದ ಮೇಲಂಚಿಗೆ ಒತ್ತಿ, ಆಕಾಶಕ್ಕೆ ಎರಡು ಬೆರಳಿನಷ್ಟು ಜಾಗ ಕೊಟ್ಟು, ಉಳಿದುದನ್ನೆಲ್ಲ ದಂಡೆಗೆ ಮೀಸಲಿಟ್ಟೆ.

ಬಣ್ಣದ ವಿಷಯಕ್ಕೆ ಬಂದರೆ, ಟ್ಯೂಬಿನ ಕೆಂಪುಗಳು ಆ ಮಣ್ಣಿಗೆ ಹೊಂದಲಿಲ್ಲ. ಇದೇ ಸೀಮೆಯ ದೀವರ ಸಮುದಾಯದ ಹೆಂಗಸರು ಹಸೆ ಚಿತ್ತಾರವೆಂಬ ಗೋಡೆಚಿತ್ರ ಬರೆಯುವಾಗ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯನ್ನು ಪುಂಡಿ ನಾರಿನ ಕುಂಚದಲ್ಲಿ ಎಳೆಯುವುದನ್ನು ನೋಡಿದ್ದ ನನಗೆ ದಂಡೆಯ ಮಣ್ಣನ್ನೇ ಬಳಸುವುದು ಸಹಜವೆನಿಸಿತು. ಮಣ್ಣನ್ನು ಒಣಗಿಸಿ, ಕುಟ್ಟಿ, ಜಂಬಿಟ್ಟಿಗೆಯ ಹರಳುಗಳನ್ನು ಜರಡಿ ಹಿಡಿದು ತೆಗೆದು, ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಕೂಡಲೇ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಹೀಗೆ ಕೆಲವು ಸಲ ಮಾಡಿ ಕೊನೆಯ ನೀರನ್ನು ಅಲುಗಾಡಿಸದೆ ಇಟ್ಟರೆ ಅಡಿಯಲ್ಲಿ ಬೆಣ್ಣೆಯಷ್ಟು ನುಣುಪಾದ ಕೆಸರು ಸಿಗುತ್ತದೆ. ಅದನ್ನು ಒಣಗಿಸಿ, ಕರಗಿಸಿದ ಅರೇಬಿಕ್ ಗೋಂದು ಮತ್ತು ತುಸು ಜೇನುತುಪ್ಪದೊಡನೆ ಗಾಜಿನ ಹಲಗೆಯ ಮೇಲೆ ಅರೆದರೆ ಜಲವರ್ಣ ಸಿದ್ಧ. ಗೋಂದು ಕಡಿಮೆಯಾದರೆ ಒಣಗಿದ ಮೇಲೆ ಬಣ್ಣ ಬೆರಳಿಗೆ ಅಂಟುತ್ತದೆ, ಹೆಚ್ಚಾದರೆ ಹೊಳೆಯುತ್ತ ಬಿರಿಯುತ್ತದೆ. ಹಳದಿ ಛಾಯೆಯ ಮಣ್ಣನ್ನು ಬಾಣಲೆಯಲ್ಲಿ ಚೆನ್ನಾಗಿ ಕಾಯಿಸಿದರೆ ಅದರೊಳಗಿನ ಕಬ್ಬಿಣದ ಆಕ್ಸೈಡ್ ನೀರಿನಂಶ ಕಳೆದುಕೊಂಡು ಕೆಂಪಾಗುವುದರಿಂದ, ಒಂದೇ ಮಣ್ಣಿನಿಂದ ಹಲವು ಛಾಯೆಗಳು ದೊರೆತವು. ಇಂಥ ಬಣ್ಣ ಬೆಳಕಿಗೆ ಮಾಸುವುದಿಲ್ಲ. ತೆಳುವಾಗಿ ಬಳಿದಾಗ ಅದರ ಕಣಗಳು ಒರಟು ಕಾಗದದ ಕುಳಿಗಳಲ್ಲಿ ತಂಗುವುದೂ ನನಗೆ ಅನುಕೂಲವೇ ಆಯಿತು. ಕಾಗದದ ಹಲಗೆಯನ್ನು ಓರೆಯಾಗಿಟ್ಟು ಬಳಿದ ಪ್ರತಿಯೊಂದು ಪದರವೂ ಕೆಳಗಡೆ ತನ್ನದೇ ಗೆರೆಯನ್ನು ಬಿಟ್ಟು ಒಣಗುತ್ತಿತ್ತು.

ಬೇಸಿಗೆಯಲ್ಲಿ ಮಟ್ಟ ತೀರ ಇಳಿದಾಗ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. 1948ರ ಸುಮಾರಿಗೆ ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದ ಅದನ್ನು ಎರಡು ದಶಕ ತುಂಬುವುದರೊಳಗೆ ಲಿಂಗನಮಕ್ಕಿಯ ನೀರು ನುಂಗಿತು. ಪ್ರಕೃತಿಯನ್ನು ಮನುಷ್ಯ ಮುಳುಗಿಸಿದನೆಂಬ ಸರಳ ಮಾತಿಗೆ ಒಗ್ಗದ ಕಟ್ಟಡವಿದು. ಇಲ್ಲಿ ಮುಳುಗಿದ್ದು ಮನುಷ್ಯನದೇ ಹಿಂದಿನ ಯೋಜನೆ. ಅದರ ಗೋಡೆಯನ್ನೂ ನಾನು ದಂಡೆಯ ಮಣ್ಣಿನಲ್ಲೇ, ಅಕ್ಕಪಕ್ಕದ ಗೆರೆಗಳಿಗಿಂತ ಗಾಢವಾಗಿಸದೆ ಬರೆದೆ.

ಚಿತ್ರಗಳಿಗೆ ಹೆಸರಿಡದೆ, ಪತ್ರಿಕೆಯಲ್ಲಿ ಅಂದು ಪ್ರಕಟವಾದ ಜಲಾಶಯದ ಮಟ್ಟವನ್ನೇ ಅಡಿಗಳಲ್ಲಿ ಬರೆಯುತ್ತೇನೆ. ಪ್ರದರ್ಶನದಲ್ಲಿಯೂ ತುಂಬಿದ ಜಲಾಶಯದ್ದನ್ನು ಎಲ್ಲಕ್ಕಿಂತ ಮೇಲೆ ತೂಗುಹಾಕಿ, ಉಳಿದವನ್ನು ಆಯಾ ಮಟ್ಟಕ್ಕೆ ತಕ್ಕಂತೆ ಕೆಳಕೆಳಗೆ ಇಳಿಸುತ್ತೇನೆ. ಹಿರೇಭಾಸ್ಕರದ ಚಿತ್ರ ಮೊಣಕಾಲಿನ ಎತ್ತರಕ್ಕೆ ಬರುವುದರಿಂದ ಅದನ್ನು ಬಗ್ಗಿ ನೋಡಬೇಕಾಗುತ್ತದೆ. ಹಿರಿಯರಿಗೆ ಇದು ಕಷ್ಟವೆಂಬ ದೂರು ಬಂದದ್ದರಿಂದ ಈಗ ಅದರ ಮುಂದೊಂದು ಮಣೆ ಇಡಿಸುತ್ತಿದ್ದೇನೆ. ಚಿತ್ರವನ್ನು ಮೇಲಕ್ಕೇರಿಸುವ ಯೋಚನೆ ಇಲ್ಲ.