ಸಿಟಿ ಕಾಲೇಜಿನ ಯೂನಿಟ್ಟುಗಳಿಂದ ಸಿಪಿಎ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನನ್ನ ಅನುಭವ

ಬಿಕಾಂ, ಎಂಕಾಂ ಮುಗಿಸಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಕ್ಯಾಲಿಫೋರ್ನಿಯಕ್ಕೆ ಬಂದ ನಮ್ಮವರಲ್ಲಿ ಅನೇಕರು ಸಿಪಿಎ, ಅಂದರೆ ಅಮೆರಿಕದ ಪರವಾನಗಿ ಪಡೆದ ಲೆಕ್ಕಪರಿಶೋಧಕರಾಗುವ ವಿಚಾರದಲ್ಲಿ ಒಂದೇ ಜಾಗದಲ್ಲಿ ಎಡವುತ್ತಾರೆ. ನಾನು ಓದಿದ ಕಾಲದಲ್ಲಿ ಪರವಾನಗಿಗೆ ಬೇಕಿದ್ದ 150 ಸೆಮಿಸ್ಟರ್ ಯೂನಿಟ್ಟುಗಳಲ್ಲಿ (ಯೂನಿಟ್ಟು ಎಂದರೆ ಓದಿನ ಪ್ರಮಾಣದ ಅಳತೆ) ಊರಿನ ಪದವಿಗಳಿಂದ ತುಂಬದೆ ಉಳಿಯುವ ಭಾಗವನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಸಿಗುವ ಸಿದ್ಧ ಉತ್ತರ ಮಾಸ್ಟರ್ಸ್ ಪದವಿ, ಅಂದರೆ 40,000 ಡಾಲರಿಗೂ ಮೇಲ್ಪಟ್ಟ ಖರ್ಚು. ನಾನು ಆ ಭಾಗವನ್ನು ಬಹುತೇಕ ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಸಾರ್ವಜನಿಕ ಕಮ್ಯುನಿಟಿ ಕಾಲೇಜಿನಲ್ಲಿ, ಬೋಧನಾ ಶುಲ್ಕವಿಲ್ಲದೆ ತುಂಬಿಕೊಂಡೆ. ಪರವಾನಗಿ 2022ರಲ್ಲಿ ಕೈಸೇರಿತು. ಆ 150ರೊಳಗೆ ಅಕೌಂಟಿಂಗ್ 24, ವ್ಯವಹಾರ ವಿಷಯಗಳು 24, ಅಕೌಂಟಿಂಗ್ ಸ್ಟಡಿ ಎಂಬ ಹೆಚ್ಚುವರಿ ಅಧ್ಯಯನ 20, ನೀತಿ (ಎಥಿಕ್ಸ್) ವಿಷಯಗಳು 10 ಯೂನಿಟ್ಟು ಇರಬೇಕಿತ್ತು.

ಮೊದಲ ಹೊಡೆತ ಬಿದ್ದದ್ದು ಅಂಕಪಟ್ಟಿಗಳ ಮೌಲ್ಯಮಾಪನದಲ್ಲಿ, ಅಂದರೆ ಊರಿನ ಓದನ್ನು ಇಲ್ಲಿನ ಯೂನಿಟ್ಟಿನ ಲೆಕ್ಕಕ್ಕೆ ತರುವಲ್ಲಿ. ಇನ್ನೂರು ಡಾಲರಿಗೂ ಹೆಚ್ಚು ಶುಲ್ಕ ತೆಗೆದುಕೊಂಡ ಒಂದು ಸಂಸ್ಥೆಯು ನನ್ನ ಐದು ವರ್ಷದ ಓದಿಗೆ ನೂರ ಹತ್ತರ ಆಸುಪಾಸು ಯೂನಿಟ್ಟು ಕೊಟ್ಟು, ಆಡಿಟಿಂಗ್ ಮತ್ತು ಕಾಸ್ಟ್ ಅಕೌಂಟಿಂಗನ್ನು ಸಾಮಾನ್ಯ ವಾಣಿಜ್ಯದ ಗುಂಪಿಗೆ ಸೇರಿಸಿಬಿಟ್ಟಿತ್ತು. ಮೇಲ್ಮನವಿಗೆ ಮತ್ತೆ ಶುಲ್ಕ, ಉತ್ತರ ಮಾತ್ರ ಅದೇ. ಮತ್ತೊಂದು ಸಂಸ್ಥೆಗೆ ಅಂಕಪಟ್ಟಿಯ ಜೊತೆಗೆ ಪ್ರತಿ ಪತ್ರಿಕೆಯ ಪಠ್ಯಕ್ರಮ ಮತ್ತು ಬೋಧನಾ ಗಂಟೆಗಳ ವಿವರವನ್ನು ವಿಶ್ವವಿದ್ಯಾನಿಲಯದ ಮೊಹರಿನೊಂದಿಗೆ ಕಳಿಸಿದಾಗ ಅದೇ ಓದಿಗೆ ಹದಿನೈದು ಯೂನಿಟ್ಟು ಹೆಚ್ಚಿಗೆ ಬಂತು. ಮೈಸೂರಿನಲ್ಲಿ ಒಂದು ವಾರವೂ ಓಡಾಡದೆ ಆ ಮೊಹರನ್ನು ಹೇಗೆ ಹಾಕಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನೇರವಾಗಿ ಕೇಳಿದವರಿಗೆ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಇನ್ನು ಕಾಲೇಜಿನ ವಿಚಾರ. 2013ರ ಜುಲೈನಲ್ಲಿ ಎಸಿಸಿಜೆಸಿ ಎಂಬ ಮಾನ್ಯತಾ ಮಂಡಳಿಯು ಮರುವರ್ಷ ಸಿಟಿ ಕಾಲೇಜಿನ ಮಾನ್ಯತೆಯನ್ನು ರದ್ದುಪಡಿಸುವುದಾಗಿ ಪ್ರಕಟಿಸಿತ್ತು, ಆ ಸುದ್ದಿಯ ನೆರಳು ವರ್ಷಗಟ್ಟಲೆ ಹೋಗಿರಲಿಲ್ಲ. ಫ್ರೀಮಾಂಟಿನಲ್ಲಿರುವ ಭಾವನವರು, “ಬಾಗಿಲು ಹಾಕೋ ಕಾಲೇಜಿಗೆ ಯಾಕಮ್ಮಾ ಸೇರ್ತೀಯ? ಒಳ್ಳೆ ಕಡೆ ಎಂಎಸ್ ಮಾಡು, ದುಡ್ಡು ನಾವು ಕೊಡ್ತೀವಿ” ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಓರಗಿತ್ತಿಯದೂ ಅದೇ ರಾಗ. ಆದರೆ ವಿಷಯ ನ್ಯಾಯಾಲಯದ ಮೆಟ್ಟಿಲೇರಿದ ಕಾಲದಲ್ಲೂ ಮಾನ್ಯತೆ ಒಂದು ದಿನವೂ ತಪ್ಪಿರಲಿಲ್ಲ. 2017ರ ಜನವರಿಯಲ್ಲಿ ಮಂಡಳಿಯು ಅದನ್ನು ಏಳು ವರ್ಷಕ್ಕೆ ಮುಂದುವರಿಸಿತು. ಮಾನ್ಯತೆ ಇದ್ದಾಗ ಗಳಿಸಿದ ಯೂನಿಟ್ಟು ಆಮೇಲೆ ಏನೇ ಆದರೂ ಕರಗಿಹೋಗುವುದಿಲ್ಲ ಎಂಬ ಸರಳ ಸಂಗತಿಯನ್ನು ಅವರಿಗೆ ಮನಗಾಣಿಸಲು ನನ್ನಿಂದ ಆಗಲಿಲ್ಲ, ಪರವಾನಗಿ ಬಂದ ಮೇಲೆ ಅದು ತಾನಾಗಿಯೇ ಆಯಿತು.

ಅದೇ 2017ರ ಆಗಸ್ಟಿನ ಸೆಮಿಸ್ಟರಿನಿಂದ ಫ್ರೀ ಸಿಟಿ ಯೋಜನೆ ಆರಂಭವಾಗಿ, ನಗರದ ನಿವಾಸಿಗಳಿಗೆ ಪ್ರತಿ ಯೂನಿಟ್ಟಿನ 46 ಡಾಲರ್ ಬೋಧನಾ ಶುಲ್ಕ ಇಲ್ಲವಾಯಿತು. ಇದಕ್ಕೆ ಕ್ಯಾಲಿಫೋರ್ನಿಯದ ನಿವಾಸಿ ಎಂಬ ವರ್ಗೀಕರಣ ಬೇಕು, ಅಂದರೆ ಒಂದು ವರ್ಷ ಒಂದು ದಿನದ ವಾಸಕ್ಕೆ ಪುರಾವೆ ಕೊಡಬೇಕು. ಎಚ್-4ರವರಿಗೆ ಅದು ಸಿಗುತ್ತದೆ, ವಿದ್ಯಾರ್ಥಿ ವೀಸಾವಾದ ಎಫ್-1ರವರಿಗೆ ಸಿಗುವುದಿಲ್ಲ. ಬಾಡಿಗೆ ಕರಾರಿನಲ್ಲಿ ಗಂಡನ ಹೆಸರು ಮಾತ್ರ ಇದ್ದವರು ಇಲ್ಲಿ ಒದ್ದಾಡುವುದನ್ನು ಕಂಡಿದ್ದೇನೆ. ನಾನು ಬಂದ ಹೊಸದರಲ್ಲೇ ಕರಾರು, ಬ್ಯಾಂಕ್ ಖಾತೆ, ಚಾಲನಾ ಪರವಾನಗಿ, ರಾಜ್ಯದ ತೆರಿಗೆ ವಿವರ, ಎಲ್ಲದರಲ್ಲೂ ನನ್ನ ಹೆಸರು ಸೇರಿಸಿಟ್ಟಿದ್ದೆ. ನಮ್ಮ ಮನೆ ಎಕ್ಸೆಲ್ಸಿಯರ್ ಬಡಾವಣೆಯಲ್ಲಿತ್ತು. ಪಕ್ಕದ ಡೇಲಿ ಸಿಟಿಯಲ್ಲಿ ಮನೆ ಮಾಡಿದ್ದರೆ ಊರು ಬೇರೆ ಎಂಬ ಕಾರಣಕ್ಕೆ ಪೂರ್ತಿ ಶುಲ್ಕ ಕಟ್ಟಬೇಕಾಗುತ್ತಿತ್ತು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೀಚೆಯ ಗೆಳತಿಯರು, ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳ ಕ್ವಾರ್ಟರ್ ಪದ್ಧತಿಯ ಕಾಲೇಜು ಬೇಗ ಮುಗಿಯುತ್ತದೆಂದು ಅಲ್ಲಿಗೆ ಸೇರಿದರು. ಅಲ್ಲಿನ ಐದು ಯೂನಿಟ್ಟು, ಸಿಪಿಎ ಪರವಾನಗಿ ಕೊಡುವ ರಾಜ್ಯ ಮಂಡಳಿಯ ಲೆಕ್ಕದಲ್ಲಿ ಮೂರೂಕಾಲು ಸೆಮಿಸ್ಟರ್ ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಒಬ್ಬರಿಗೆ ಕೊನೆಗೆ ಒಂದೂವರೆ ಯೂನಿಟ್ಟು ಕಡಿಮೆಬಿದ್ದು ಇಡೀ ಒಂದು ತರಗತಿಯನ್ನು ಮತ್ತೆ ಓದಬೇಕಾಯಿತು. ನನ್ನ ಎಕ್ಸೆಲ್ ಹಾಳೆಯಲ್ಲಿ ಈ ಮೂರನೇ ಎರಡರ ಗುಣಕ ಮೊದಲ ದಿನದಿಂದಲೂ ಇತ್ತು ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ನೀತಿ ವಿಷಯದ ಮೂರು ಯೂನಿಟ್ಟನ್ನು ಮಾತ್ರ ರಾಜ್ಯದ ಮತ್ತೊಂದು ಕಮ್ಯುನಿಟಿ ಕಾಲೇಜಿನಿಂದ ಆನ್‌ಲೈನಿನಲ್ಲಿ ಪಡೆದೆ, 138 ಡಾಲರಿಗೆ. ವಿಶ್ವವಿದ್ಯಾನಿಲಯದಲ್ಲಿ ಓದಿದರೆ ಈ ತರಗತಿ ಮೇಲಿನ ಹಂತದ್ದೇ (ಪದವಿಯ ಕೊನೆಯ ವರ್ಷಗಳದ್ದು) ಆಗಿರಬೇಕಿತ್ತು. ಕಮ್ಯುನಿಟಿ ಕಾಲೇಜಿನದಕ್ಕೆ ಆ ನಿರ್ಬಂಧವಿರಲಿಲ್ಲ. ಈ ರಿಯಾಯಿತಿಯನ್ನು ಓದಿಯೂ ನಂಬದವರು ಬಹಳ ಮಂದಿ.

ಸಂಜೆಯ ತರಗತಿಗಳಲ್ಲಿ ನನ್ನ ಜೊತೆ ಕೂರುತ್ತಿದ್ದವರ ಬಗ್ಗೆ ಹೇಳದಿದ್ದರೆ ವಿಧಾನದ ಅರ್ಧ ಭಾಗವನ್ನೇ ಬಿಟ್ಟಂತಾಗುತ್ತದೆ. ಇಂಟರ್ಮೀಡಿಯೆಟ್ ಅಕೌಂಟಿಂಗಿನಲ್ಲಿ ನಾವು ನಾಲ್ವರ ಗುಂಪು: ರಾತ್ರಿ ಪಾಳಿಯಲ್ಲಿ ಕಚೇರಿಗಳನ್ನು ಶುಚಿಗೊಳಿಸುತ್ತಿದ್ದ ಎಲ್ ಸಾಲ್ವಡೋರಿನ ಹೆಂಗಸು, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದ ಫಿಲಿಪಿನೊ ಯುವಕ, ಮಿಷನ್ ಸ್ಟ್ರೀಟಿನಲ್ಲಿ ಚಿಕ್ಕಮ್ಮನ ದಿನಸಿ ಅಂಗಡಿ ನೋಡಿಕೊಳ್ಳುತ್ತಿದ್ದ ಕ್ಯಾಂಟನೀಸ್ ಹುಡುಗಿ, ಮತ್ತು ನಾನು. ಕಿರ್ದಿ, ಖತಾವಣಿ, ಅಢಾವೆ ಪತ್ರಿಕೆ ನನಗೆ ಕರತಲಾಮಲಕ. ಆದರೆ ಅಮೆರಿಕದ ಸಂಬಳದ ಚೀಟಿಯಲ್ಲಿ ಏನೇನು ಕಡಿತವಾಗುತ್ತದೆ, ಆಸ್ಪತ್ರೆಯ ಬಿಲ್ಲಿನಲ್ಲಿ ವಿಮಾ ಕಂಪನಿ ಕೊಡದೆ ಬಿಟ್ಟ ಮೊತ್ತ ಯಾವ ಖಾತೆಗೆ ಹೋಗುತ್ತದೆ ಎಂಬುದನ್ನು ನಾನು ಕಲಿತದ್ದು ಅವರಿಂದ. ಆ ದಿನಸಿ ಅಂಗಡಿಯ ಲೆಕ್ಕ ಚೀನೀ ಅಂಕಿಗಳಲ್ಲಿ ಬರೆದ ನೋಟುಪುಸ್ತಕದಲ್ಲಿತ್ತು. ಚಿಕ್ಕಮ್ಮನವರು ಮೀನಿನ ವಾಸನೆಯ ರಸೀದಿಗಳನ್ನು ಬಿಸ್ಕತ್ತಿನ ಡಬ್ಬಿಯಿಂದ ಒಂದೊಂದಾಗಿ ತೆಗೆದು ಓದುತ್ತಿದ್ದರು, ಹುಡುಗಿ ಇಂಗ್ಲಿಷಿಗೆ ತರುತ್ತಿದ್ದಳು, ನಾನು ಲೆಕ್ಕದ ತಂತ್ರಾಂಶವಾದ ಕ್ವಿಕ್‌ಬುಕ್ಸಿಗೆ ಏರಿಸುತ್ತಿದ್ದೆ. ಮೂರು ತಿಂಗಳ ಲೆಕ್ಕ ತಾಳೆಯಾಗಲು ನಾಲ್ಕೈದು ಶನಿವಾರ ಹಿಡಿಯಿತು. ಸಂಭಾವನೆ ಎಂದರೆ ಒಂದು ಚೀಲ ಬೊಕ್ ಚಾಯ್ ಸೊಪ್ಪು.

ಪಠ್ಯಪುಸ್ತಕದ ಹೊಸ ಮುದ್ರಣಕ್ಕೆ ಮುನ್ನೂರು ಡಾಲರಿನ ಹತ್ತಿರ ಇತ್ತು. ಎರಡು ಮುದ್ರಣ ಹಳೆಯದನ್ನು ಇಪ್ಪತ್ತು ಡಾಲರಿಗೆ ಕೊಂಡು, ವರಮಾನ ಮತ್ತು ಗುತ್ತಿಗೆಯ ಅಧ್ಯಾಯಗಳನ್ನು ಮಾತ್ರ ಗ್ರಂಥಾಲಯದ ಹೊಸ ಪ್ರತಿಯಲ್ಲಿ ಓದಿದೆ, ಏಕೆಂದರೆ ಎಎಸ್‌ಸಿ 606 ಮತ್ತು 842 ಎಂಬ ಹೊಸ ಲೆಕ್ಕಪತ್ರ ನಿಯಮಗಳು ಬಂದ ಮೇಲೆ ಹಳೆಯ ಪುಸ್ತಕದ ಆ ಎರಡು ಅಧ್ಯಾಯಗಳು ರದ್ದಿಗೆ ಸಮ. ತೆರಿಗೆಯ ತರಗತಿಯಲ್ಲಿ ಈ ಉಪಾಯ ನಡೆಯಲಿಲ್ಲ. 2017ರ ಡಿಸೆಂಬರಿನಲ್ಲಿ ತೆರಿಗೆ ಕಾನೂನೇ ಬದಲಾಗಿ, 2018ರ ವಸಂತದಲ್ಲಿ ನಾವು ಓದಿದ್ದು ಹಳೆಯ ದರ, ಪರೀಕ್ಷೆಗೆ 2019ರ ಜನವರಿಯಿಂದ ಹೊಸದು. ಹಾಗಾಗಿ ಮರುವರ್ಷದ ಚಳಿಗಾಲದಲ್ಲಿ ಉಚಿತವಾಗಿ ತೆರಿಗೆ ವಿವರ ತುಂಬಿಕೊಡುವ ವೀಟಾ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಸೇರಿದೆ. ಸಾಲ್ವಡೋರಿನ ಗೆಳತಿ ಸ್ಪ್ಯಾನಿಷಿನಲ್ಲಿ ಕೇಳಿ ಹೇಳುತ್ತಿದ್ದರು, ನಾನು ತುಂಬುತ್ತಿದ್ದೆ. ಒಂದೇ ಮನೆಯಲ್ಲಿ ಮೂರು ಕುಟುಂಬ, ಐದು ಡಬ್ಲ್ಯೂ-2 (ವರ್ಷದ ಸಂಬಳದ ವಿವರ ಪತ್ರ), ಯಾರ ಮಗು ಯಾರಿಗೆ ಅವಲಂಬಿತ ಎಂದು ಬಿಡಿಸುವ ಅಭ್ಯಾಸವಾದ ಮೇಲೆ ಸಿಪಿಎ ಪರೀಕ್ಷೆಯಲ್ಲಿ ತೆರಿಗೆಯನ್ನು ಕೇಳುವ ರೆಗ್ಯುಲೇಷನ್ ಪತ್ರಿಕೆಯ ಪ್ರಶ್ನೆಗಳು ಸಪ್ಪೆಯಾಗಿ ಕಂಡವು.

150ರ ಲೆಕ್ಕದಲ್ಲಿ ಒಂದು ತರಗತಿಯಷ್ಟು ಜಾಗ ಉಳಿದಿತ್ತು, ಅದನ್ನು ಕ್ಯಾಂಟನೀಸ್ ಭಾಷೆಗೆ ಕೊಟ್ಟೆ. ಸ್ವರದ ಏರಿಳಿತ ನನ್ನ ನಾಲಿಗೆಗೆ ಒಲಿಯಲಿಲ್ಲ. ಸಿ ಗ್ರೇಡ್ ಬಂತು, ಯೂನಿಟ್ಟು ಮಾತ್ರ ಪೂರ್ತಿ ಸಿಕ್ಕಿತು. ಯೂನಿಟ್ಟಿಲ್ಲದ ಉಚಿತ ಕಂಪ್ಯೂಟರ್ ತರಗತಿಗಳಿಗೂ ಹೋಗಿ ನೋಡಿದೆ. ನಿವೃತ್ತರಿಗೆ ಬಹಳ ಚೆನ್ನಾಗಿವೆ, ನಮ್ಮ ಉದ್ದೇಶಕ್ಕೆ ಅವುಗಳ ಉಪಯೋಗ ಅಷ್ಟಕ್ಕಷ್ಟೆ.

ಪರೀಕ್ಷೆಯಲ್ಲಿ ಎಫ್‌ಎಆರ್ ಎಂಬ ಹಣಕಾಸು ಲೆಕ್ಕಪತ್ರದ ಪತ್ರಿಕೆ ಮೊದಲ ಸಲ ಎಪ್ಪತ್ತರ ಆಸುಪಾಸಿಗೆ ನಿಂತಿತು, ಬೇಕಾದದ್ದು 75. “ಪುಕ್ಕಟೆ ಓದಿದರೆ ಹೀಗೇ” ಎಂಬ ಮಾತು ಫ್ರೀಮಾಂಟಿನಿಂದ ಅದೇ ವಾರ ಬಂತು. ಸೋತದ್ದು ಸರ್ಕಾರಿ ಲೆಕ್ಕಪತ್ರದ ಭಾಗದಲ್ಲಿ, ನಮ್ಮ ಯಾವ ತರಗತಿಯಲ್ಲೂ ಅದು ಆಳವಾಗಿ ಇರಲಿಲ್ಲ. ಅದೊಂದನ್ನೇ ಆರು ವಾರ ತಿರುವಿ ಎರಡನೇ ಸಲ ಎಂಬತ್ತು ದಾಟಿದೆ. 2020ರ ಮಾರ್ಚಿನಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿ ಕೊನೆಯ ಪತ್ರಿಕೆ ಮುಂದಕ್ಕೆ ಹೋಯಿತು. ಈಎಡಿ ಎಂಬ ಕೆಲಸದ ಅನುಮತಿಯ ನವೀಕರಣ ತಡವಾಗಿ, ಪರವಾನಗಿಗೆ ಬೇಕಿದ್ದ, ಸಿಪಿಎ ಒಬ್ಬರ ಕೈಕೆಳಗಿನ ಒಂದು ವರ್ಷದ ಅನುಭವವೂ ನಡುವೆ ತುಂಡಾಗಿ ಎರಡು ಕಂತಿನಲ್ಲಿ ಮುಗಿಯಿತು. ಆಗ ಕಡ್ಡಾಯವಾಗಿದ್ದ ಪೀತ್ ಎಂಬ ವೃತ್ತಿನೀತಿಯ ಪರೀಕ್ಷೆ ಪುಸ್ತಕ ನೋಡಿ ಬರೆಯುವಂಥದ್ದಾಗಿದ್ದರೂ ತೇರ್ಗಡೆಗೆ ಶೇ. 90 ಬೇಕಿತ್ತು, ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ.

ಎರಡು ಮೌಲ್ಯಮಾಪನ, ನೀತಿಯ ತರಗತಿ, ಸೆಮಿಸ್ಟರಿಗೆ ಇಪ್ಪತ್ತು ಡಾಲರಿನಷ್ಟು ಆರೋಗ್ಯ ಶುಲ್ಕ, ಹಳೆಯ ಪುಸ್ತಕಗಳು, ಪರೀಕ್ಷೆಯ ತಯಾರಿಗೆ ರಿಯಾಯಿತಿಯಲ್ಲಿ ಕೊಂಡ ರಿವ್ಯೂ ಕೋರ್ಸ್, ಪರೀಕ್ಷಾ ಶುಲ್ಕಗಳು, ಎಲ್ಲ ಸೇರಿ ನೆನಪಿನ ಲೆಕ್ಕದಲ್ಲಿ 4,500 ಡಾಲರಿನೊಳಗೆ ಮುಗಿದಿದೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಹೋದದ್ದು ರಿವ್ಯೂ ಕೋರ್ಸಿಗೆ ಮತ್ತು ಪರೀಕ್ಷೆಗೆ, ಕಾಲೇಜಿಗಲ್ಲ. ಭಾವನವರ ಮಗಳು ಈಗ ಇದೇ ದಾರಿ ಹಿಡಿದಿದ್ದಾಳೆ, ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ: ಕೊನೆಯ ಸೆಮಿಸ್ಟರಿನ ಗ್ರೇಡು ದಾಖಲಾದುದನ್ನು ಕಣ್ಣಾರೆ ನೋಡುವ ತನಕ ಪರವಾನಗಿ ಮಂಡಳಿಗೆ ಟ್ರಾನ್ಸ್‌ಕ್ರಿಪ್ಟ್ ಕಳಿಸಲು ಕಾಲೇಜಿಗೆ ಹೇಳಬೇಡಿ, ಎರಡು ಕಾಲೇಜಿನದನ್ನೂ ಒಂದೇ ವಾರದಲ್ಲಿ ಕಳಿಸಿ, ಮತ್ತು ಮದುವೆಗೆ ಮುಂಚಿನ ಹೆಸರು ಅಂಕಪಟ್ಟಿಯಲ್ಲಿದ್ದರೆ ವಿವಾಹ ಪ್ರಮಾಣಪತ್ರದ ಪ್ರತಿಯನ್ನು ಅವರು ಕೇಳುವ ಮೊದಲೇ ಜೊತೆಗಿಡಿ.