ಹಳೆಯ ಅಂಬಾಸಿಡರ್‌ಗೆ ಫೋರ್ ವೀಲ್ ಡ್ರೈವ್: ಕಬ್ಬಿಣ ಕತ್ತರಿಸುವ ಮೊದಲು ಮಾಡಬೇಕಾದ ಯೋಜನೆ

ಹಿಂದಿನ ಚಕ್ರಗಳಿಗಷ್ಟೇ ಶಕ್ತಿ ಸಾಗಿಸುವ ಹಳೆಯ ಅಂಬಾಸಿಡರ್ ಕಾರನ್ನು ಫೋರ್ ವೀಲ್ ಡ್ರೈವ್ ಮಾಡುವುದು ಸಾಧ್ಯವಿದೆ. ಆದರೆ ಈ ಕೆಲಸ ಕೈಗೂಡುವುದೋ ಅರ್ಧಕ್ಕೆ ನಿಲ್ಲುವುದೋ ಎಂಬುದು ವೆಲ್ಡಿಂಗ್ ಆರಂಭವಾಗುವುದಕ್ಕೂ ಮೊದಲೇ, ಯಾವ ಗಾಡಿಯಿಂದ ಏನನ್ನು ತರಬೇಕು ಎಂಬ ಆಯ್ಕೆಯಲ್ಲೇ ಬಹುಪಾಲು ತೀರ್ಮಾನವಾಗುತ್ತದೆ. ಇಲ್ಲಿ ಒಂದು ಭಾಗ ಬದಲಾದರೆ ಅದು ಪಕ್ಕದ ಮೂರು ಭಾಗಗಳನ್ನು ಬದಲಿಸಲು ಒತ್ತಾಯಿಸುತ್ತದೆ. ಆ ಸರಪಳಿಯನ್ನು ಕೊನೆಯವರೆಗೂ ಕಾಗದದ ಮೇಲೆ ಹಿಂಬಾಲಿಸಿದ ನಂತರವೇ ಹಣ ಬಿಚ್ಚಬೇಕು.

ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಲುವನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದೆ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಇಲ್ಲಿ ಹೇಳುತ್ತಿರುವುದು ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಾಫಿ ತೋಟಗಳಂತಹ ಖಾಸಗಿ ಜಮೀನಿನ ಒಳಗೇ ಓಡುವ ಗಾಡಿಯ ವಿಷಯವೆಂದು ತಿಳಿಯಬೇಕು. ಅದನ್ನು ಒಂದು ತೋಟದಿಂದ ಇನ್ನೊಂದಕ್ಕೆ ಒಯ್ಯಬೇಕಾದರೆ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು. ಸಾರ್ವಜನಿಕ ರಸ್ತೆಗೂ ಬೇಕು ಎನ್ನುವವರು ಕಾರ್ಖಾನೆಯಿಂದಲೇ ಫೋರ್ ವೀಲ್ ಡ್ರೈವ್ ಆಗಿ ಬಂದ ಗಾಡಿಯನ್ನು ಕೊಳ್ಳುವುದೇ ಸರಿ; ಅದಕ್ಕೆ ಬೇರೆ ದಾರಿಯಿಲ್ಲ.

ಸೆಡಾನ್ ಕಾರನ್ನು ಈ ರೀತಿ ಬದಲಿಸಿದ ಉದಾಹರಣೆಗಳು ಚರಿತ್ರೆಯಲ್ಲಿವೆ, ಮತ್ತು ಅವುಗಳಿಂದ ಕಲಿಯುವುದು ಬಹಳಷ್ಟಿದೆ. ಸೋವಿಯತ್ ಒಕ್ಕೂಟದ ಗೋರ್ಕಿ ಕಾರ್ಖಾನೆ 1955ರಿಂದ 1958ರವರೆಗೆ ತಯಾರಿಸಿದ ಎಂ-72 ಕಾರಿಗೆ ಪೊಬೆಡಾ ಸೆಡಾನಿನ ಬಾಡಿ ಇತ್ತು, ಚಾಲನಾ ಭಾಗಗಳು ಗಾಜ್-69 ಜೀಪಿನವು. ಪೊಬೆಡಾಗೆ ಪ್ರತ್ಯೇಕ ಚಾಸಿಸ್ ಇರಲಿಲ್ಲವಾದ್ದರಿಂದ ಬಾಡಿಯನ್ನು ಹಲವೆಡೆ ಬಲಪಡಿಸಬೇಕಾಯಿತು. ಅಮೆರಿಕದ ಎಎಂಸಿ ಈಗಲ್ ಇನ್ನೊಂದು ದಾರಿ ಹಿಡಿಯಿತು: ಮುಂದಿನ ಚಕ್ರಗಳ ಸ್ವತಂತ್ರ ಸಸ್ಪೆನ್ಷನ್ನನ್ನು ಉಳಿಸಿಕೊಂಡು, ಡಿಫರೆನ್ಷಿಯಲ್ಲನ್ನು (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಎಂಜಿನ್ನಿಗೇ ಬಿಗಿದು, ಅರೆ-ಶಾಫ್ಟ್‌ಗಳ ಮೂಲಕ ಚಕ್ರ ತಿರುಗಿಸಿತು. ಇದು ಅಚ್ಚುಕಟ್ಟಾದ ವಿಧಾನವೇ ಹೌದು, ಆದರೆ ಅದಕ್ಕೆ ಬೇಕಾದ ಹಬ್, ಸ್ಟೀರಿಂಗ್ ನಕಲ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು), ಅರೆ-ಶಾಫ್ಟ್‌ಗಳನ್ನು ಹೊಸದಾಗಿ ಕಡೆದು ಮಾಡಿಸಬೇಕಾಗುತ್ತದೆ. ಊರಿನ ಗ್ಯಾರೇಜಿನಲ್ಲಿ ಅದು ಆಗುವ ಕೆಲಸವಲ್ಲ.

ಅಂಬಾಸಿಡರ್ ಕೂಡ ಪೊಬೆಡಾದಂತೆಯೇ ಬಾಡಿಯೇ ಭಾರ ಹೊರುವ ಕಾರು. ಅದರ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್‌ಗಳು (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳುಗಳು) ಉದ್ದಕ್ಕೂ ಹಿಂದೆ ಸಾಗಿ ನೆಲದಡಿಯ ಅಡ್ಡಪಟ್ಟಿಗೆ ಕಚ್ಚಿಕೊಂಡಿರುತ್ತವೆ. ಅವನ್ನು ತೆಗೆದು ಅಲ್ಲಿ ಜೀಪಿನ ಹೌಸಿಂಗ್ (ಡಿಫರೆನ್ಷಿಯಲ್ ಮತ್ತು ಅಚ್ಚನ್ನು ಒಳಗೊಂಡ ಗಟ್ಟಿ ಕವಚ) ಮತ್ತು ಕಮಾನ್ ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಕೂರಿಸಿದರೆ, ಭಾರವು ಎಂದೂ ಬೀಳದ ಜಾಗಗಳಲ್ಲಿ ಬೀಳತೊಡಗುತ್ತದೆ, ಮತ್ತು ಹಳೆಯ ತಗಡು ಅಲ್ಲೇ ಬಿರುಕು ಬಿಡುತ್ತದೆ. ಹಾಗಾಗಿ ನನ್ನ ಆಯ್ಕೆ ಮೂರನೆಯ ದಾರಿ: ಒಂದು ಇಡೀ ಮಾರುತಿ ಜಿಪ್ಸಿ ಕಿಂಗ್ ಗಾಡಿಯನ್ನು ಕೊಂಡು, ಅದರ ಚಾಸಿಸ್ಸಿನ ಮೇಲೆ ಅಂಬಾಸಿಡರ್ ಬಾಡಿಯನ್ನು ಕೂರಿಸುವುದು. ಗುಜರಿಯಲ್ಲಿ ಹೌಸಿಂಗ್ ಒಂದು ಕಡೆ, ಟ್ರಾನ್ಸ್‌ಫರ್ ಕೇಸ್ (ಮುಂದಿನ ಮತ್ತು ಹಿಂದಿನ ಹೌಸಿಂಗ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಇನ್ನೊಂದು ಕಡೆ ಎಂದು ಬಿಡಿಬಿಡಿಯಾಗಿ ಕೊಳ್ಳುವುದು ಅಗ್ಗವೆಂದು ತೋರಿದರೂ, ಕಡೆಗೆ ಇಡೀ ಗಾಡಿಯ ಬೆಲೆಯನ್ನು ಮೀರುವುದೇ ಹೆಚ್ಚು.

ಇಡೀ ಗಾಡಿ ಕೊಳ್ಳುವುದಕ್ಕೆ ಇನ್ನೂ ದೊಡ್ಡ ಕಾರಣ ಗೇರ್ ಅನುಪಾತ. ಮುಂದಿನ ಮತ್ತು ಹಿಂದಿನ ಹೌಸಿಂಗ್‌ಗಳ ಕ್ರೌನ್-ಪಿನಿಯನ್ (ಒಳಗಿನ ದೊಡ್ಡ ಮತ್ತು ಚಿಕ್ಕ ಗೇರಿನ ಜೋಡಿ) ಅನುಪಾತ ಒಂದೇ ಆಗಿರಲೇಬೇಕು. ಹಳೆಯ ಜೀಪುಗಳಲ್ಲಿ 43 ಹಲ್ಲಿನ ಕ್ರೌನಿಗೆ 8 ಹಲ್ಲಿನ ಪಿನಿಯನ್, ಅಂದರೆ ಸುಮಾರು 5.38 ಅನುಪಾತದ ಜೋಡಿಯೂ ಸಿಗುತ್ತದೆ. 39ಕ್ಕೆ 8, ಅಂದರೆ ಸುಮಾರು 4.88ರ ಜೋಡಿಯೂ ಸಿಗುತ್ತದೆ. ಹೊರಗಿನಿಂದ ಎರಡೂ ಹೌಸಿಂಗ್ ಒಂದೇ ರೀತಿ ಕಾಣುತ್ತವೆ. ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಹಾಕಿದರೆ ಒಂದು ಜೊತೆ ಚಕ್ರ ಇನ್ನೊಂದಕ್ಕಿಂತ ಶೇಕಡಾ 10ರಷ್ಟು ವೇಗವಾಗಿ ತಿರುಗಲು ಹೆಣಗುತ್ತದೆ. ಕೆಸರಿನಲ್ಲಿ ಟಯರು ಜಾರಿ ಅದನ್ನು ನುಂಗಿಕೊಳ್ಳಬಹುದು, ಆದರೆ ಗಟ್ಟಿ ನೆಲದಲ್ಲಿ ಆ ತಿರುಚು ಶಾಫ್ಟ್‌ಗಳೊಳಗೆ ಕೂಡಿಕೊಂಡು ಶಾಫ್ಟಿನ ಕೀಲಾದ ಕ್ರಾಸನ್ನೋ ಗೇರಿನ ಹಲ್ಲನ್ನೋ ಮುರಿಯುತ್ತದೆ.

ಹೌಸಿಂಗ್ ಬಿಚ್ಚದೆಯೇ ಅನುಪಾತವನ್ನು ಕಂಡುಕೊಳ್ಳಬಹುದು. ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹೌಸಿಂಗ್ ಅಡಿಗೆ ಸ್ಟ್ಯಾಂಡ್ ಕೊಟ್ಟು, ಒಂದು ಚಕ್ರ ತಿರುಗದಂತೆ ಹಿಡಿದು, ಇನ್ನೊಂದು ಚಕ್ರಕ್ಕೂ, ಹೌಸಿಂಗಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿರಿ. ಬಿಟ್ಟ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಒಂದು ಚಕ್ರ ನಿಂತಾಗ ಇನ್ನೊಂದು ಇಮ್ಮಡಿ ತಿರುಗುವುದರಿಂದ ಒಂದರ ಬದಲು ಎರಡು ಸುತ್ತಿನ ಲೆಕ್ಕ. ಮುಂದಿನದಕ್ಕೂ ಹಿಂದಿನದಕ್ಕೂ ಪ್ರತ್ಯೇಕವಾಗಿ ಈ ಪರೀಕ್ಷೆ ಮಾಡಿ, ಎರಡೂ ಒಂದೇ ಎಂದು ಕಣ್ಣಾರೆ ಕಂಡ ಮೇಲೆ ಹಣ ಕೊಡಿರಿ. ಇಡೀ ಗಾಡಿಯೇ ಆದರೂ ಯಾರಾದರೂ ಹಿಂದೆ ಹೌಸಿಂಗ್ ಬದಲಿಸಿರಬಹುದು.

ಅಂಬಾಸಿಡರ್ ಬಾಡಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಬಾಗಿಲಿನ ಕೆಳಗಿನ ಹಾಸು, ಚಕ್ರದ ಒಳಗೋಡೆ, ಹಿಂದಿನ ಪಟ್ಟಿ ಕಚ್ಚುವ ಜಾಗಗಳನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿರಿ. ಬಣ್ಣದಡಿಯಲ್ಲಿ ತುಕ್ಕು ಪುಡಿಯಾಗಿದ್ದರೆ ತುದಿ ಒಳಗಿಳಿಯುತ್ತದೆ. ನಂತರ ಹಿಂದಿನ ಒಂದು ಮೂಲೆಯನ್ನಷ್ಟೇ ಜಾಕಿನಿಂದ ಎತ್ತಿ, ನಾಲ್ಕೂ ಬಾಗಿಲುಗಳನ್ನು ತೆರೆದು ಮುಚ್ಚಿರಿ. ಬಾಗಿಲಿನ ನಾಲಗೆ ಕೊಂಡಿಯನ್ನು ತಪ್ಪಿ ಮೇಲೆಯೋ ಕೆಳಗೆಯೋ ತಾಗಿದರೆ ಬಾಡಿ ಸೋತಿದೆ ಎಂದೇ ಅರ್ಥ. ನೆಲ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟುಗಳಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆ ಬೆಸೆದು, ಅಂತರಗಳನ್ನು ಬರೆದಿಟ್ಟುಕೊಳ್ಳುವುದನ್ನು ಮರೆಯಬಾರದು.

ಈಗ ಚಾಸಿಸ್ಸಿನ ಅಳತೆ. ಅಂಬಾಸಿಡರ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,464 ಮಿ.ಮೀ., ಜಿಪ್ಸಿಯದು 2,375 ಮಿ.ಮೀ.; ವ್ಯತ್ಯಾಸ 89 ಮಿ.ಮೀ. ಇಷ್ಟಕ್ಕಾಗಿ ಚಾಸಿಸ್ಸನ್ನು ನಡುವೆ ಕತ್ತರಿಸಿ ಉದ್ದ ಮಾಡುವ ಅಗತ್ಯವಿಲ್ಲ, ಮಾಡಲೂಬಾರದು. ಹಿಂದಿನ ಕಮಾನ್ ಪಟ್ಟಿಗಳ ಹ್ಯಾಂಗರ್‌ಗಳನ್ನು ಅಷ್ಟು ಹಿಂದಕ್ಕೆ ಸರಿಸಿದರೆ ಚಕ್ರ ಬಾಡಿಯ ಕಮಾನಿನ ನಡುವೆ ಕೂರುತ್ತದೆ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ತುಸು ಉದ್ದವಾಗಿ ಅದರ ಕೋನವೂ ಹಗುರವಾಗುತ್ತದೆ. ಇದೇ ಸ್ಥಳದಲ್ಲಿ 2,311 ಮಿ.ಮೀ. ಅಂತರದ ಹಳೆಯ ಗಿಡ್ಡ ಜೀಪಿನ ಚಾಸಿಸ್ ಇದ್ದಿದ್ದರೆ 153 ಮಿ.ಮೀ. ಸರಿಸಬೇಕಾಗುತ್ತಿತ್ತು, ಜಿಪ್ಸಿಯನ್ನು ಆರಿಸಲು ಅದೂ ಒಂದು ಕಾರಣ. ಅಂಬಾಸಿಡರ್ ಬಾಡಿ ಜಿಪ್ಸಿಯದಕ್ಕಿಂತ ಭಾರವಾದ್ದರಿಂದ ಪಟ್ಟಿಗಳಿಗೆ ಎಲೆ ಸೇರಿಸಬೇಕಾಗಬಹುದು. ಅದನ್ನು ಬಾಡಿ ಕೂರಿಸಿ ತೂಗಿದ ಮೇಲೆ ನಿರ್ಧರಿಸಿ.

ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿರದೆ, ಪ್ರತ್ಯೇಕವಾಗಿ ಚಾಸಿಸ್ಸಿಗೆ ರಬ್ಬರಿನ ಮೂಲಕ ಬಿಗಿದಿರುತ್ತದೆ. ಈ ಯೋಜನೆಯಲ್ಲಿ ನಮಗೆ ಸಿಗುವ ದೊಡ್ಡ ಅನುಕೂಲ ಇದೇ. ಅಂಬಾಸಿಡರ್‌ನ ಎಂಜಿನ್ ಮತ್ತು ಗೇರ್ ಬಾಕ್ಸನ್ನು ಹಾಗೆಯೇ ಇಟ್ಟುಕೊಂಡು, ಆ ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಒಂದು ತುದಿಗೆ ಅಂಬಾಸಿಡರ್ ಯೋಕ್ (ಕ್ರಾಸನ್ನು ಹಿಡಿಯುವ ಕವಲು), ಇನ್ನೊಂದು ತುದಿಗೆ ಜಿಪ್ಸಿ ಫ್ಲೇಂಜ್ ಇರುವ ಗಿಡ್ಡ ಶಾಫ್ಟನ್ನು ಮಾಡಿಸಿ ಬ್ಯಾಲೆನ್ಸ್ ಮಾಡಿಸಿದರೆ ಸಾಕು. ಈ ಶಾಫ್ಟಿನ ಎರಡೂ ಕ್ರಾಸ್‌ಗಳ ಕೋನ ಸಮನಾಗಿರಬೇಕು, ಎರಡೂ ಯೋಕ್‌ಗಳು ಒಂದೇ ಸಾಲಿನಲ್ಲಿರಬೇಕು. ಇಲ್ಲದಿದ್ದರೆ ನಡುಕ ನಿಲ್ಲುವುದಿಲ್ಲ. ಒಟ್ಟು ಅನುಪಾತವನ್ನೂ ಲೆಕ್ಕ ಹಾಕಿರಿ. ಮೊದಲ ಗೇರ್ 3.8, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ (ನಿಧಾನದ ಗೇರ್) 2.27, ಹೌಸಿಂಗ್ 3.9 ಎಂದಿಟ್ಟುಕೊಂಡರೆ ಒಟ್ಟು ಸುಮಾರು 33.6. ಟಯರಿನ ಸುತ್ತಳತೆ 2.1 ಮೀಟರ್ ಆದರೆ, ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಗಾಡಿ ಗಂಟೆಗೆ ಸುಮಾರು 3.7 ಕಿ.ಮೀ. ಸಾಗುತ್ತದೆ. ಮಳೆಗಾಲದ ತೋಟದ ಇಳಿಜಾರಿಗೆ ಆಳು ನಡೆಯುವಷ್ಟು ಈ ವೇಗವೇ ಬೇಕಾದದ್ದು.

ಸ್ಟೀರಿಂಗ್ ವಿಷಯದಲ್ಲಿ ರಾಜಿ ಮಾಡಿಕೊಳ್ಳಲೇಬಾರದು. ಅಂಬಾಸಿಡರ್‌ನ ರ್‍ಯಾಕ್ ಮತ್ತು ಪಿನಿಯನ್ ಬಾಡಿಗೆ ಬಿಗಿದಿರುತ್ತದೆ. ಅದನ್ನೇ ಉಳಿಸಿಕೊಂಡರೆ, ಇಡೀ ಹೌಸಿಂಗ್ ಮೇಲೆ ಕೆಳಗೆ ಆಡುವಾಗ ಮುಂದಿನ ಚಕ್ರಗಳು ತಾವಾಗಿಯೇ ಎಡಬಲಕ್ಕೆ ತಿರುಗಿಕೊಳ್ಳುತ್ತವೆ. ಜಿಪ್ಸಿಯ ಸ್ಟೀರಿಂಗ್ ಬಾಕ್ಸನ್ನು ಅದೇ ಚಾಸಿಸ್ಸಿನ ಅದೇ ಜಾಗದಲ್ಲಿ ಉಳಿಸಿಕೊಂಡು, ಕಾಲಮ್ಮನ್ನು ಮಾತ್ರ ಹೊಂದಿಸಿರಿ. ಬ್ರೇಕಿಗೂ ಜಿಪ್ಸಿಯ ಮಾಸ್ಟರ್ ಸಿಲಿಂಡರನ್ನೇ ಬಳಸಬೇಕು. ಮುಂದಿನ ಡಿಸ್ಕ್‌ಗಳಿಗೆ ತಕ್ಕ ಗಾತ್ರ ಅದರದ್ದು.

ಬೆಸುಗೆಗೆ ಮುನ್ನ ಎಲ್ಲವನ್ನೂ ಬೋಲ್ಟ್ ಮತ್ತು ಮರದ ತುಂಡುಗಳ ಆಧಾರದಲ್ಲಿ ಒಮ್ಮೆ ಜೋಡಿಸಿ ನೋಡಿರಿ. ಹೌಸಿಂಗ್ ಬಂಪ್ ಸ್ಟಾಪಿಗೆ (ಅದರ ಮೇಲೇರಿಕೆ ತಡೆಯುವ ರಬ್ಬರ್) ತಾಗುವವರೆಗೆ ಮೇಲೆತ್ತಿದಾಗಲೂ ಎಂಜಿನ್ನಿನ ಸಂಪ್, ಮುಂದಿನ ಶಾಫ್ಟ್, ಸೈಲೆನ್ಸರ್ ಕೊಳವೆ ಒಂದಕ್ಕೊಂದು ತಾಗಬಾರದು; ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಮತ್ತೆ ನೋಡಿರಿ. ಬೆಸುಗೆಯ ದಿನ ಪೆಟ್ರೋಲ್ ಟ್ಯಾಂಕನ್ನು ಇಳಿಸಿ ಹೊರಗಿಡಬೇಕು, ಬ್ಯಾಟರಿ ಬಿಚ್ಚಬೇಕು.

ಮೊದಲ ಓಟವನ್ನು ನಿಂತಲ್ಲೇ ಮಾಡಿಸಿರಿ. ಸ್ಟ್ಯಾಂಡ್‌ಗಳನ್ನು ಚಾಸಿಸ್ಸಿಗಲ್ಲ, ಹೌಸಿಂಗ್‌ಗಳ ಅಡಿಗೆ ಕೊಡಬೇಕು. ಚಕ್ರಗಳು ಜೋತುಬಿದ್ದರೆ ಶಾಫ್ಟಿನ ಕೋನ ಕೆಟ್ಟು ಸುಳ್ಳು ಶಬ್ದ ಬರುತ್ತದೆ. ನಂತರ ಒದ್ದೆಯಾದ ಸಮತಟ್ಟು ಮೈದಾನದಲ್ಲಿ ಓಡಿಸಿರಿ. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಮಧ್ಯದ ಡಿಫರೆನ್ಷಿಯಲ್ ಇಲ್ಲವಾದ್ದರಿಂದ ಕಾಂಕ್ರೀಟಿನ ಕಣದ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಬಾರದು. ಕೆಲವು ಗಂಟೆಗಳ ಓಟದ ಬಳಿಕ ಪಟ್ಟಿಗಳ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿಯಿರಿ, ಎರಡೂ ಹೌಸಿಂಗ್ ಮತ್ತು ಟ್ರಾನ್ಸ್‌ಫರ್ ಕೇಸಿನ ಎಣ್ಣೆಯನ್ನು ಬಿಳಿ ಬಟ್ಟಲಿಗೆ ಇಳಿಸಿ ಅಯಸ್ಕಾಂತ ಆಡಿಸಿರಿ. ಬೂದಿಯಂತಹ ನುಣುಪು ಪುಡಿ ಸಹಜ. ಉಗುರಿಗೆ ಸಿಗುವಂತಹ ಚೂರು ಕಂಡರೆ ಆ ಹೌಸಿಂಗನ್ನು ಬಿಚ್ಚದೆ ಗಾಡಿಯನ್ನು ಮುಂದೆ ಓಡಿಸಬೇಡಿ.